ಜಗದೇವಪ್ಪನವರ ಹೆಸರಿನಲ್ಲಿ

ಹಲೋ... ಹಾಂ, ಹಲೋ... ಯಾರ್ರಿ ಮಾತಾಡೋದು?

...

ಹೌದ್ರಿ, ಜಗದೇವಪ್ಪನವರದೇ ನಂಬರು. ನಾನು ಅವರ ಮನಿಯವ್ರು, ಶಿವಲೀಲಾ. ಹಾಂ, ಶಹಾಪುರದಿಂದನೇ. ನೀವ್ಯಾರಂತ ಗೊತ್ತಾಗ್ಲಿಲ್ಲ...

...

ಸುಮಂಗಲಾ ಮೇಡಂ? ಸುರಪುರ ಕಾಲೇಜಿನವ್ರು? ಅಯ್ಯ, ನೀವೇನ್ರಿ! ನಿಮ್ಮ ಹೆಸರು ಗೊತ್ತಿಲ್ದ ಏನು. ಆ ಆನ್‌ಲೈನ್ ವಿಶ್ವಕೋಶದಾಗ ನಮ್ಮನಿಯವ್ರ ಕೂಡ ದಿನಾ ಜಗಳಾಡೋರು ನೀವೇ ಹೌದಲ್ರಿ?... ಚ್ಯಾಷ್ಟಿ ಅಲ್ರಿ, ಖರೇನೇ ಹೇಳಿದೆ. ಆ ವಿಶ್ವಕೋಶದ ಯಾದಗಿರಿ ಶಿಬಿರದಾಗ ಅವರು ಈ ನಂಬರು ಕೊಟ್ಟಿದ್ರೇನು? ಇಷ್ಟು ವರ್ಷ ಇಟ್ಕೊಂಡೀರಿ ಅಂದ್ರ...

...

ಅವರಿಗಾ?... ಈಗ ಕೊಡಾಕ ಆಗಂಗಿಲ್ರಿ ಮೇಡಂ. ಮಲಗ್ಯಾರ.

...

ಇಲ್ರಿ, ಎಬ್ಬಿಸಾಕ ಬರಂಗಿಲ್ಲ. ಏನದ ನನಗ ಹೇಳ್ರಿ. ಆ ಹಾವು ಕಡಿತದ ಲೇಖನದ್ದೇ ಹೌದಲ್ಲ? 'ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.' ಆ ಸಾಲೇ ತಾನೇ? ನೀವು ತೆಗೀತೀರಿ, ಅವರು ಹಾಕ್ತಾರ. ವಿಶ್ವಕೋಶ ಅಂದ್ರ ತಿಳಿಸಬೇಕು, ಹುಕುಂ ಮಾಡಬಾರದು ಅಂತೀರಿ ನೀವು. ನನಗೆಲ್ಲಾ ಗೊತ್ತದ. ಅವರ ಕಣ್ಣಿಗಿ ಮೋತಿಬಿಂದು, ಪೊರಿ ಬಂದಾಗಿಂದ ಟೈಪ್ ಮಾಡಾಕಿ ನಾನೇ. ಅವರು ಹೇಳೋದು, ನಾನು ಬಡಿಯೋದು... ಹಟಾ ಅಂತೀರಿ. ಹಟಾನೇ ಅನ್ರಿ. ಅವರು ದವಾಖಾನ್ಯಾಗ ಕಂಪೌಂಡರ್ ಇದ್ದಾಗ ಕೊಂಕಲ್ ಊರಿಂದ ಮಾಳಮ್ಮ ಅಂತ ಒಬ್ಬ ಹೆಣ್ಮಗಳು ಬಂದಿದ್ಲು. ನೆಲದ ಮ್ಯಾಲ ಮಲಗೆದ್ದಾಕಿ, ಮುಂಜಾನಿ ಹೊಟ್ಟಿನೋವು ಅಂದಾಳ. ಮೈಮ್ಯಾಲ ಒಂದು ಚುಕ್ಕಿ ಇದ್ದಿಲ್ಲ. ಅಜೀರ್ಣ ಅಂತ ಮನ್ಯಾಗ ಇಟ್ಕೊಂಡು, ರೆಪ್ಪಿ ಇಳದ ಮ್ಯಾಲ ಕರ್ಕೊಂಡು ಬಂದಿದ್ರು. ರಾತ್ರಿ ಕಟ್ಟುಹಾವು ಕಡದಿತ್ತು, ಉಳೀಲಿಲ್ಲ. ಅದು ಅವರ ಮನಸ್ಸಿನ್ಯಾಗಿಂದ ಹೋಗಲೇ ಇಲ್ರಿ.

...

ಆ ಸಾಲಿಂದಲ್ಲಾ? ಮತ್ತ?

...

ಯಾವ ಹಗ್ಗ?... ಯಾರಿಗಿ ಕಡೀತು?... ಕೆಂಭಾವಿ ಹತ್ರ. ಹಾಂ... ಹತ್ತಿ ಬಿಡಸಾಕ ಹೋಗಿದ್ದ. ದೇವಿಂದ್ರ ಅಂತ. ನಿಮಗ ಹ್ಯಾಂಗ ಗೊತ್ತು?... ಅವನ ತಮ್ಮ ನಿಮ್ಮ ಹತ್ರ ಓದಿದಾಂವ. ಹಾಂ... ಹೇಳ್ರಿ, ಕೇಳಾಕತ್ತೀನಿ.

...

ಆ ತಮ್ಮ, ಹೊಲದಾಗೇ ಫೋನ್ ತೆಗದು ಓದ್ಯಾನ. ಓದಿ, ಮೊಣಕಾಲ ಕೆಳಗ ಹಗ್ಗ ಬಿಗದಾನ... ಅಯ್ಯ ಶಿವನೇ! ಬಿಗೀಬಾರದಲ್ರಿ ಮೇಡಂ! ರಕ್ತ ನಿಂತು ಕಾಲೇ ಸಾಯ್ತದ. ಅಂಥ ಕರ್ರಗಾದ ಕಾಲು ನಮ್ಮನಿಯವ್ರು ಎಷ್ಟು ನೋಡ್ಯಾರ. 'ಬಿಗಿಯಾಗಿ ಕಟ್ಟಬೇಕು' ಅಂತ ಮೊದಲು ಆ ಪುಟದಾಗ ಯಾರೋ ಬರದಿದ್ರು, ಅದನ್ನ ಅವರೇ ತೆಗಸಿದ್ರು. ನನ್ನ ಕೈಲೇ ತೆಗಸಿದ್ರು. ಆ ತಮ್ಮ ಎಲ್ಲಿ ಓದ್ಯಾನ ಅದನ್ನ?

...

ನಮ್ಮ ಲೇಖನದಾಗಾ? ಹ್ಯಾಂಗಾಗ್ತದ?... ಇಲ್ರಿ, ಸಾಧ್ಯನೇ ಇಲ್ಲ... ಯಾರು ಹಾಕ್ಯಾರಂತ ತೋರಸ್ತದ?

...

ಇನ್ನೊಮ್ಮೆ ಹೇಳ್ರಿ. ಯಾರ ಹೆಸರು?

...

ನಮ್ಮನಿಯವ್ರದಾ?... ಹೋದ ವಾರ... ಹಾಂ. ಹೋದ ವಾರ ನೀವು ಆ ಸಾಲು ತೆಗದಿದ್ರಿ. ಆಗ ತಾರೀಖು ನೋಡದ ಯಾವುದೋ ಹಳೇ ಪುಟಕ್ಕ ಹೋಗಿ, ವಾಪಸ್ ತರೋದು ಅಂತದಲ್ಲ, ಅದನ್ನ ಒತ್ತಿದ್ದು... ಆ ಸಾಲೊಂದೇ ಬರ್ತದಂತ... ಇಡೀ ಪುಟಾನೇ ಹಳೇದು ಬಂತೇನ್ರಿ? ಹಗ್ಗದ ಮಾತೂ ಜೋಡೀಲೆ ಬಂತೇನು?

...

ಮೇಡಂ... ಆ ದೇವಿಂದ್ರಗ ಜೀವ ಅದ ಏನ್ರಿ?

...

ಅದ. ಕಲಬುರಗಿ ದವಾಖಾನ್ಯಾಗ ಅದಾನ. ಕಾಲು?... ಬೆರಳು ತೆಗೀಬೇಕಾಗ್ತದ ಅಂತಾರ. ಪಾದ ಉಳೀತದೇನು?... ಇನ್ನಾ ಹೇಳಿಲ್ಲ. ಹಾಂ.

...

ಬೈಬ್ಯಾಡ್ರಿ ಅವರಿಗಿ. ಮೇಡಂ, ಬ್ಯಾಡ್ರಿ. ಅವರು ಅಂಥ ಬೇಜವಾಬ್ದಾರಿ ಮನಷ್ಯಾ ಅಲ್ಲ... ಎಬ್ಬಿಸ್ರಿ, ಅವರಿಗೇ ಕೇಳ್ತೀನಿ ಅಂದ್ರ ಹ್ಯಾಂಗ ಕೇಳ್ತೀರಿ... ತಡೀರಿ. ಜರಾ ಕೇಳ್ರಿ ಇಲ್ಲಿ. ಅವರಿಲ್ರಿ.

...

ಊರಾಗಿಲ್ಲ ಅಂತಲ್ಲ. ತೀರ್ಕೊಂಡಾರ. ಹೋದ ವರ್ಷ, ಯುಗಾದಿ ಮುಂದ. ಎದಿ ಹಿಡೀತದ ಅಂದ್ರು, ಚಹಾ ಮಾಡು ಅಂದ್ರು. ನಾ ಚಹಾ ತರೋದ್ರಾಗ...

...

ಹಲೋ?... ಇದ್ದೀರೇನ್ರಿ?... ಮೇಡಂ?

...

ಹೌದ್ರಿ. ನಾನೇ. ಅವಾಗಿಂದ ನಿಮ್ಮ ಕೂಡ ಜಗಳಾಡಿದ್ದು ಎಲ್ಲಾ ನಾನೇ. ಹೋದ ವಾರ ಒತ್ತಿದಾಕೀನೂ ನಾನೇ. ಅವರ ಮ್ಯಾಲ ಹಾಕಬ್ಯಾಡ್ರಿ ಅದನ್ನ.

...

ನಿಮ್ಮ ತಾಯಿ ತೀರ್ಕೊಂಡಾಗಾ?... ಹಾಂ. ಅದೂ ನಾನೇ ಬರದದ್ದು. 'ಅವರ ಚಪ್ಪಲಿಯನ್ನು ಬಾಗಿಲಿಂದ ಅವಸರದಲ್ಲಿ ತೆಗೆಯಬೇಡಿ' ಅಂತ... ನೆನಪದ ನಿಮಗ? ನಾನೂ ಅವಾಗ ಇವರ ಚಪ್ಪಲಿ ತೆಗದಿದ್ದಿಲ್ರಿ. ಅದಕ್ಕ ಬರದೆ.

...

ಯಾಕ ಅಂದ್ರ ಏನಂತ ಹೇಳ್ಲಿ. ಮೋಸ ಮಾಡಬೇಕಂತಲ್ರಿ. ಮೊದಲಿಗಿ ನಿಮಗ ತಿಳಿಸಾಕಂತೇ ಕುಂತಿದ್ದೆ. ಚರ್ಚಾಪುಟ ತೆಗದ್ರ, ನೀವು ಬರದಿದ್ರಿ, 'ಜಗದೇವಪ್ಪನವರೇ, ನೀವು ಯಾರ ಮಾತನ್ನೂ ಕೇಳುವುದಿಲ್ಲ' ಅಂತ. ನಮ್ಮನಿಗಿ ಬಂದೋರೆಲ್ಲಾ 'ಇದ್ರು, ಇದ್ರು' ಅನ್ನಾಕತ್ತಿದ್ರು. ಛಲೋ ಮನಷ್ಯಾ ಇದ್ರು, ಹಿಂಗಿದ್ರು, ಹಂಗಿದ್ರು. ನೀವೊಬ್ರೇ 'ಕೇಳುವುದಿಲ್ಲ' ಅಂದಿದ್ರಿ. ಇದ್ದಾರ ಅನ್ನೋಹಂಗ. ನನ್ನ ಕೈ ತಾನೇ ಉತ್ತರ ಬರೀತ್ರಿ... ಆಮ್ಯಾಲ ದಿನಾ ಮುಂಜಾನಿ ಎದ್ದು ನೋಡೋದು, ಮೇಡಂ ಸಾಲು ತೆಗದಾರೇನಂತ. ತೆಗದಿರದಿದ್ರ ಅಂಜಿಕಿ ಬರ್ತಿತ್ತು.

...

ಇನ್ನೊಂದು ಹೇಳಿದ್ರ ಹುಚ್ಚಿ ಅಂತೀರಿ. ಬರದು ಮುಗಿಸಿ ಓದಿದ್ರ ನಾ ಬರದದ್ದು ಅನಸ್ತಿದ್ದಿಲ್ಲ. ನಾ ಆಡದ ಮಾತು ಇರ್ತಿದ್ವು ಅದರಾಗ. ಬೆನ್ನ ಹಿಂದ ಕುಂತು ಹೇಳಾಕತ್ತಾರ ಅನ್ನೋಹಂಗ. ನಾ ತಿರುಗಿ ನೋಡ್ತಿದ್ದಿಲ್ರಿ. ನೋಡಿದ್ರ ಇರಂಗಿಲ್ಲ ಅಂತ ಗೊತ್ತಿತ್ತಲ್ಲ.

...

ಹೌದ್ರಿ... ಹೌದು. ಅವರಿದ್ದಿದ್ರ ಪುಟ ಪೂರಾ ಓದಿಸಿ ಆಮ್ಯಾಲ ಒತ್ತಸ್ತಿದ್ರು. ನನಗ ನಿಮ್ಮ ಉತ್ತರ ಬೇಕಾಗಿತ್ತು, ಗಡಬಡಿ ಮಾಡಿದೆ. ಸತ್ತ ಮನಷ್ಯಾನ ಕೈಲೆ ಹಗ್ಗ ಬಿಗಿಸಿದ್ಹಂಗಾತು. ಅವರು ಜನ್ಮೆಲ್ಲಾ ಬಿಚ್ಚಿದ ಹಗ್ಗ.

...

ಈಗಿಲ್ಲಲ್ಲ ಅದು ಪುಟದಾಗ?... ತೆಗದೀರಿ. ಪುಣ್ಯ ಬರ್ಲಿ ನಿಮಗ.

...

ಇಲ್ರಿ, ಅವರ ಮನಿ ಮಂದಿಗಿ ನಾನೇ ಹೇಳ್ತೀನಿ. ನಾಳೆ ಕಲಬುರಗಿಗಿ ಹೋಗ್ತೀನಿ. ಬೈಲಿ, ಹೊಡೀಲಿ... ನೀವೂ ಬರ್ತೀರಾ? ಯಾಕ್ರಿ, ನಿಮ್ಮದೇನದ ಇದರಾಗ?... ಆತು. ಮುಂಜಾನಿ ಶಹಾಪುರ ಬಸ್‌ಸ್ಟ್ಯಾಂಡಿನ್ಯಾಗ ಇಳೀರಿ. ಜೋಡೀಲೆ ಹೋಗೋಣು.

...

ಖಾತೆ?... ಮುಚ್ಚಬೇಕಾಗ್ತದ. ಅವರ ಪುಟದ ಮ್ಯಾಲ 'ಇವರು ನಮ್ಮನ್ನು ಅಗಲಿದ್ದಾರೆ' ಅಂತ ಹಾಕ್ತೀರಿ. ಹಾಂ... ಯಾರೂ ಅದರಾಗ ಬರೀದಂಗ ಮಾಡ್ತೀರಿ... ಹಾಕ್ರಿ. ನಾ ತಕರಾರು ಮಾಡಂಗಿಲ್ಲ. ನಾ ಹೇಳಬೇಕಾಗಿದ್ದ ಮಾತು, ನೀವು ಹೇಳಾಕತ್ತೀರಿ.

...

ನನ್ನ ಹೆಸರ್ಲೆ ಬರೀಬೇಕೇನು? ಬ್ಯಾಡ್ರಿ. ನನಗ ಹಾವೂ ಗೊತ್ತಿಲ್ಲ, ಔಷಧಾನೂ ಗೊತ್ತಿಲ್ಲ. ನನಗ ಗೊತ್ತಿದ್ದದ್ದು ಅವರೊಬ್ರೇ.

...

ಮತ್ತ ಆ ಸಾಲು?... ಇಡ್ತೀರಾ? ಖರೇನೇ?... ಓದ್ರಿ ನೋಡೋಣು, ಹ್ಯಾಂಗ ಬರದೀರಿ... 'ಕಟ್ಟುಹಾವು ಕಡಿದಾಗ ಗುರುತು ಕಾಣದೆಯೂ ಇರಬಹುದು. ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಚಿಕಿತ್ಸಾ ಮಾರ್ಗಸೂಚಿಗಳು ಹೇಳುತ್ತವೆ.' ಕೆಳಗ ಆಧಾರ ಕೊಟ್ಟೀರಿ. ಹಾಂ... ನೀವು ಹುಕುಂ ಮಾಡಿಲ್ಲ, ಮಾರ್ಗಸೂಚಿ ಮಾಡ್ಯಾದ. ಹಿಂಗೂ ಬರೀಬಹುದಿತ್ತೇನ್ರಿ? ಇಷ್ಟಕ್ಕ ವರ್ಷಗಟ್ಲೆ ಜಗಳಾಡಿದ್ರೇನು ನೀವಿಬ್ರು... ಅವರು ಒಪ್ತಿದ್ರೋ ಇಲ್ಲೋ. ಗುಣಗುಣ ಅಂತಿದ್ರು, ಆದ್ರ ತೆಗೀತಿದ್ದಿಲ್ಲ.

...

ಮೇಡಂ, ಇಡಬ್ಯಾಡ್ರಿ. ಒಂದು ಮಾತು. ಖಾತೆ ಮುಚ್ಚೋ ಮೊದಲು ಒಂದ್ಸಲ ಅವರಿಗಿ ನೀವೇ ಹೇಳ್ರಿ. ನಿಮ್ಮ ದನೀಲೆ. ಇಷ್ಟು ದಿವಸ ನೀವು ಅವರಿಗಂತ ಬರದದ್ದೆಲ್ಲಾ ನಾನೇ ಓದ್ಕೊಂಡು ಕುಂತೀನಿ. ಅವರಿಗಿ ಏನೂ ಮುಟ್ಟಿಲ್ಲ... ಬೇಕಾದ್ರ ಬೈರಿ. ನಾ ಸ್ಪೀಕರ್ ಹಚ್ಚಿ ಅವರು ಕುಂದ್ರತಿದ್ದ ಕಡೆ ಇಡ್ತೀನಿ. ಹಾಂ, ಇಟ್ಟೀನಿ. ನಾ ನಡುವ ಮಾತಾಡಂಗಿಲ್ಲ. ಹೇಳ್ರಿ.

...

ಹಾಂ, ಹಂಗೇ. 'ಜಗದೇವಪ್ಪನವರೇ'... ಮುಂದ?... ಅಳಬ್ಯಾಡ್ರಿ, ಹೇಳ್ರಿ...

...

ಏನಂದ್ರಿ? ದನಿ ತುಂಡ ತುಂಡ ಬರಾಕತ್ತಾದ... ಹಲೋ?... ಮೇಡಂ?... ಹಲೋ, ಅವರಿನ್ನಾ ಕೇಳಾಕತ್ತಾರ್ರಿ, ನಡುವ ಬಿಡಬ್ಯಾ...