ವಿಮಾನ ಓದುವವಳ ರಾತ್ರಿ ಪಾಳಿ

ಶಿಡ್ಲಘಟ್ಟದಲ್ಲಿ ಯಾರಾದರೂ ಪಿಸುಗುಟ್ಟಿದರೆ ನನಗೆ ಚಿಂತಾಮಣಿಯಲ್ಲಿ ಕೇಳಿಸುತ್ತದೆ. ಅಂಥದ್ದರಲ್ಲಿ, ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ವರ್ಷ, ಒಬ್ಬ ಅಪ್ಪ, ಅವನ ಮಗಳು ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ರೇಷ್ಮೆಗೂಡು ಮಾರಿ ಬಂದಿದ್ದ ಚಿಕ್ಕವೆಂಕಟಪ್ಪ ಎಷ್ಟು ನಿದ್ದೆಗೆಟ್ಟಿದ್ದನೆಂದರೆ, ಅವನು ಆಕಳಿಸಿದ ಬಾಯಲ್ಲಿ ಬಸ್ಸು ತಿರುಗಿಸಬಹುದಿತ್ತು. ಮಗಳು ಮುನಿಲಕ್ಷ್ಮಿ ಕಾಲೇಜಿನಲ್ಲಿ ಏರ್‌ಪೋರ್ಟ್ ಆಡಳಿತ ಓದುತ್ತಿದ್ದಳು.

“ಏರ್‌ಪೋರ್ಟಲ್ಲಿ ಟ್ರೈನಿಂಗ್ ಮಾಡ್ದೇ ಇದ್ರೆ ಡಿಗ್ರಿ ಕೊಡಲ್ಲಪ್ಪ.”

“ಹಗಲೊತ್ತು ಮಾಡು.”

“ನೈಟ್ ಡ್ಯೂಟೀನೇ ಹಾಕಿರೋದು.”

“ವಯಸ್ಸಿಗೆ ಬಂದ ಹುಡುಗಿ ರಾತ್ರಿಯೆಲ್ಲಾ ಎದ್ದಿದ್ರೆ ಜನ ಏನಂತಾರಮ್ಮ?”

“ಹೈಸ್ಕೂಲಿಂದ ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕ್ತಿದೀನಿ. ಯಾರೇನಂದ್ರು?”

ಚಿಕ್ಕವೆಂಕಟಪ್ಪ ಕೆಮ್ಮಿದ ಸದ್ದಿಗೆ ಊರಿನ ಕಾಗೆಗಳೆಲ್ಲ ಎದ್ದವು.

“ಜನ ಏನಾದ್ರೂ ಅಂದ್ಕೊಳ್ಳಲಿ ಬಿಡು. ನೀನು ಹೋದ್ರೆ ಹುಳಕ್ಕೆ ಯಾರು ಏಳ್ತಾರೆ?”

“ಅಣ್ಣ ಇದಾನಲ್ಲ.”

“ಆನೆ ತುಳಿದ್ರೂ ಏಳಲ್ಲ ಕಣಮ್ಮ ಅವನು.”

ಅವರ ಬಸ್ಸು ಬಂತು. ಚಿಕ್ಕವೆಂಕಟಪ್ಪ ಮಂಡಿ ಹಿಡಿದುಕೊಂಡು ಎದ್ದ, ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡ.

“ಹುಳಕ್ಕೆ ನಾನೇ ಏಳ್ತೀನಿ. ನಡಿ, ಸೀಟು ಹಿಡಿ.”