ತೊಂಬತ್ತೊಂಬತ್ತರ ಒಳಗಿನ ಫೋನು

ನಮ್ಮ ನೆರೆಮನೆಯ ಕೈಲಾಸ ಸೊಲ್ಲಾಪುರದಲ್ಲಿ ನೆಟ್‌ವರ್ಕ್ ಕೆಲಸದವನು. ನಾನು ಮೇಟ್ರನ್ ಆಗಿರುವ ಅಕ್ಕಲಕೋಟೆಯ ಹೆರಿಗೆ ಆಸ್ಪತ್ರೆಗೆ ಹೊಸ ಫೋನುಗಳನ್ನು ಜೋಡಿಸಿದವನು ಅವನೇ. ಆ ರಾತ್ರಿ ಕೆಲಸ ಮುಗಿಸಿ ಹೊರಟ. ಆಸ್ಪತ್ರೆ ಅಂಗಳದ ಬಾವಿ ದಾಟಿದ. ಆಚೆಗೆ, ಬೀಗ ಹಾಕಿದ ಹಳೇ ವಾರ್ಡು...

ಟ್ರಿಣ್... ಟ್ರಿಣ್...

ಒಳಗೆ ಫೋನು!

ಅದು ರಿಂಗಾಗುವಂತಿರಲಿಲ್ಲ. ಸಂಜೆ ಅವನೇ ನನಗೆ ತಿಳಿಸಿ ಹೇಳಿದ್ದ: “ಮೇಡಂ, ಸ್ವಿಚ್ ಪೆಟ್ಟಿಗಿ ಒಂದ ಅದರಿ. ಖರೆ ಒಳಗ ಕಾಣದ ಗ್ವಾಡಿ ಎಬ್ಬಿಸೀನಿ. ವಿಲ್ಯಾನ್ ಅಂತಾರ. ಒಂದೊಂದು ಗ್ವಾಡಿಗಿ ಒಂದು ನಂಬರ. ಇಪ್ಪತ್ತರಾಗ ಡಾಕ್ಟರು, ಹೊಸ ವಾರ್ಡು. ತೊಂಬತ್ತೊಂಬತ್ತು ಬಳಸದ ವಾಯರಿಗಿ. ಅದರಾಗಿಂದ ಹೊರಗ ಮಾತು ಬರಂಗಿಲ್ಲ.”

“ಒಳಗಿದ್ದವರು?”

“ತಮ್ಮ ತಮ್ಮೊಳಗ ಮಾತಾಡ್ಕೋಬೇಕ್ರಿ,” ಎಂದು ನಕ್ಕಿದ್ದ.

ಹಳೇ ವಾರ್ಡಿನ ಬಳಸದ ಫೋನು ತೊಂಬತ್ತೊಂಬತ್ತರಲ್ಲಿತ್ತು. ಅಲ್ಲಿಗೆ ಕರೆ ಬಂದಿದೆಯೆಂದರೆ ಇನ್ನೊಂದು ಫೋನೂ ಅದೇ ಗೋಡೆಯೊಳಗಿದೆ... ಆಗ ಅವನಿಗೆ ಹೊಳೆಯಿತು. ವಾಯರು ಚುಚ್ಚುವ ಪೋರ್ಟ್ ತಪ್ಪಿ, ಹೊಸ ಹೆರಿಗೆ ಕೋಣೆಯ ಫೋನನ್ನೂ ಅದರೊಳಗೆ ಸೇರಿಸಿದ್ದ! ಡಾಕ್ಟರನ್ನು ಕರೆಯುವ ಅದರ ಕೆಂಪು ಗುಂಡಿ ಒತ್ತಿದರೆ ಇನ್ನು ಡಾಕ್ಟರಿಗೆ ಕೇಳಿಸದು, ಹಳೇ ವಾರ್ಡಿನಲ್ಲಿ ರಿಂಗಾಗುತ್ತದೆ. ಅಲ್ಲಿ, ಹೆರಿಗೆ ಕೋಣೆಯಲ್ಲಿ, ಮಂದ್ರೂಪ ಊರಿನ ದೀಪಾಲಿಗೆ ಹೆರಿಗೆ ನಡೆದಿತ್ತು. ಜೊತೆಗೆ ನರ್ಸ್ ಮಯೂರಿ ಒಬ್ಬಳೇ. ಆ ಕೋಣೆಗೆ ಮೊಬೈಲ್ ಒಯ್ಯಕೂಡದು. ಅದು ನನ್ನ ನಿಯಮ.

ರಿಂಗು ನಿಂತಿತು. ಟಕ್... ಯಾರೋ ಎತ್ತಿದರು.

“ಹೂಂ, ಹೇಳವ್ವಾ...” ಮುದುಕಿಯ ಪಿಸುದನಿ. “ರಕ್ತ ನಿಂದ್ರವಲ್ದ? ಒತ್ತಿ ಹಿಡಿ. ಕೈ ತಗೀಬ್ಯಾಡ. ನಾ ಡಾಕ್ಟರಿಗಿ ಹೇಳ್ತೀನಿ.”

ಸರ್... ಸರ್... ಚಪ್ಪಲಿ ಎಳೆದ ಸದ್ದು. ಬೀಗ ಅಲುಗಲಿಲ್ಲ.

ಕೈಲಾಸ ಓಡಿದ. ಹೆರಿಗೆ ಕೋಣೆಯಲ್ಲಿ ಡಾಕ್ಟರ್ ಉದಯಕುಮಾರ ಆಗಲೇ ಕೈ ತೊಳೆಯುತ್ತಿದ್ದರು. ದೀಪಾಲಿ ಉಳಿದಿದ್ದಳು. ಕೂಸು ಅಳುತ್ತಿತ್ತು.

“ಸಾಹೇಬ್ರ... ಫೋನ್ ಬಂತೇನ್ರಿ?”

“ಎಲ್ಲೀ ಫೋನೋ! ನಿಮ್ಮ ಮುದಕಿ ಆಯಾ ಬಂದು ಬಾಗಲಾ ಬಡದಳು. ‘ಏಳೋ, ಪಗಾರ ಮಲಗಾಕ ಕೊಡ್ತಾರೇನು’ ಅಂತ ಬೈದಳಪಾ!”

ಡಾಕ್ಟರು ಹೊಸಬರು. ನಮ್ಮಲ್ಲಿ ಮುದುಕಿ ಆಯಾ ಇಲ್ಲ. ಇದ್ದವಳು ತುಳಜಾಬಾಯಿ. ಅವಳು ಎಂದೋ ಆ ಹಳೇ ವಾರ್ಡಿನಲ್ಲೇ ಕೊನೆಯುಸಿರೆಳೆದಿದ್ದಳು.

ಬೆಳಿಗ್ಗೆ ಬೀಗ ತೆಗೆದವಳು ನಾನೇ. ನೆಲದ ಧೂಳಿನ ಮೇಲೆ ಹೆಜ್ಜೆಯಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಕಂಡದ್ದಕ್ಕೆ ಒಂದು ಮಾತೂ ಸೇರಿಸುವವಳಲ್ಲ. ಆ ವಾರ್ಡಿನ ನಲ್ಲಿಗಳನ್ನೆಲ್ಲ ನಾನೇ ನಿಂತು ಕೀಳಿಸಿದ್ದೆ. ಆದರೆ ಫೋನಿನ ಕೆಳಗಿನ ಸ್ಟೂಲಿನ ಮೇಲೆ ಒಂದು ಬಿಳಿ ಟವೆಲ್ ಇತ್ತು. ನೀರಲ್ಲಿ ಅದ್ದಿ, ಹಿಂಡಿ, ಮಡಿಸಿಟ್ಟದ್ದು.

ಮುಟ್ಟಿ ನೋಡಿದೆ... ಬೆಚ್ಚಗಿತ್ತು.