ಕಾಳಕ್ಕನ ಹೊಸ್ತಿಲು

ಕೇಳ್ರಪ್ಪ, ಕೇಳ್ರವ್ವ. ಹೂಂಗುಟ್ಟೋರಿದ್ರೆ ಕಥೆ, ಇಲ್ದಿದ್ರೆ ಬರೀ ಗಾಳಿ. ಒಂದಾನೊಂದು ಸೀಮೇಲಿ ಒಂದೂರು. ಊರ ಹೆಸರು ಕೇಳ್ಬೇಡಿ, ಹೇಳೋಕೆ ನನಗೇ ನಾಚಿಕೆ.

ಆ ಊರಲ್ಲಿ ಸಿದ್ದಾಚಾರಿ ಅಂತ ಬಡಗಿ. ಅವನಿಗೆ ಕಾಳಕ್ಕ ಅಂತ ಒಬ್ಬಳೇ ಅಕ್ಕ. ಅಪ್ಪ ಅವ್ವ ಸತ್ತಾಗ ಅವನಿನ್ನೂ ಅಂಬೆಗಾಲಿಡ್ತಿದ್ದ. ಮದುವೇನೂ ಆಗ್ದೆ, ಸೊಂಟದ ಮೇಲೆ ಹೊತ್ತು ಸಾಕಿದ್ಳು.

ಕಸುಬು ಕಲಿತ ತಮ್ಮ ಮೊದಲು ತನ್ನ ಮನೆಗೇ ಹೊಸ್ತಿಲು ಮಾಡಿದ. ಒಂದೇ ಮರದ್ದು, ಮೊಣಕಾಲೆತ್ತರ. ಜನ ನಿಂತು ನೋಡೋರು. ಕಾಳಕ್ಕ ದಿನಾ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯೋಳು.

ಕಾಲ ಒಂದೇ ಥರ ಇರ್ತದಾ? ಕಾಳಕ್ಕನ ಕಾಲು ಸೋತ್ವು. ಬೆಳಿಗ್ಗೆ ತಮ್ಮ ಅವಳನ್ನ ಎತ್ತಿ ಅಂಗಳದ ಬಿಸಿಲಲ್ಲಿ ಕೂರಿಸಿ, ಮತ್ತೆ ಒಳಗೆ ಬಿಟ್ಟು ಕೆಲಸಕ್ಕೆ ಹೋಗೋನು. ಸಂಜೆವರೆಗೂ ಕತ್ತಲೆ ಮನೇಲಿ ಅವಳೊಬ್ಬಳೇ.

ಊರುಗೋಲು ಮಾಡಿಕೊಟ್ಟ. ಕೋಲೂರಿಕೊಂಡು ಹೊಸ್ತಿಲವರೆಗೆ ಬಂದ್ಳು. ಕಾಲೆತ್ತೋಕಾಗ್ಲಿಲ್ಲ.

"ತಮ್ಮಯ್ಯ, ಇದನ್ನ ಕಡಿದು ಇಳಿಸೋ. ಅಂಗಳಕ್ಕೆ ನಾನೇ ಹೋಗ್ಬೇಕು."

"ಹೊಸ್ತಿಲು ಕಡಿದ್ರೆ ಮನೆ ಲಕ್ಷ್ಮಿ ಹೊರಟೋಗ್ತಾಳೆ ಕಣಕ್ಕ."

ಗೋಡೆಯುದ್ದಕ್ಕೂ ಹಿಡ್ಕೊಳ್ಳೋಕೆ ಗಳ ಕಟ್ಟಿದ. ಗಳ ಹಿಡಿದು ಹೊಸ್ತಿಲವರೆಗೆ ಬಂದ್ಳು. ಕಾಲೆತ್ತೋಕಾಗ್ಲಿಲ್ಲ. "ಇಳಿಸೋ ತಮ್ಮಯ್ಯ." "ಲಕ್ಷ್ಮಿ ಹೋಗ್ತಾಳೆ ಕಣಕ್ಕ."

ಮಣೆಗೆ ನಾಕು ಗಾಲಿ ಹಾಕಿಕೊಟ್ಟ. ಉರುಳಿಕೊಂಡು ಬಂದ್ಳು, ಹೊಸ್ತಿಲಿಗೆ ಢಬ್ ಅಂತ ಬಡಿದು ನಿಂತ್ಳು.

"ಊರೇ ನೋಡೋ ಹೊಸ್ತಿಲು ಕಣಕ್ಕ ಇದು! ಹೊತ್ಕೊಂಡು ಹೋಗೋಕೆ ನಾನಿಲ್ವಾ?"

"ಇದ್ದೀಯಪ್ಪ. ನನಗೆ ಹೋಗ್ಬೇಕು ಅನ್ನಿಸಿದಾಗ ಇರಲ್ವಲ್ಲ."

ಕೇಳಿ, ಅವನು ಕೆಟ್ಟೋನಲ್ಲ. ಅದಕ್ಕೇ ನನಗೆ ಅವನ ಮೇಲೆ ಇನ್ನೂ ಸಿಟ್ಟು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಸುಳ್ಳಾ?

ಒಂದಿನ ಪಕ್ಕದೂರಿಗೆ ಬಾಗಿಲು ಕೂರಿಸೋಕೆ ಹೋದ. ಸಂಜೆ ಬಂದು ನೋಡ್ತಾನೆ, ಕಾಳಕ್ಕ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದಾಳೆ. ತಲೆ ಅಂಗಳದ ಕಲ್ಲಿಗೆ ಬಡಿದಿದೆ, ಉಸಿರಿಲ್ಲ. ಅವಳ ಕೆಳಗೆ ಹೊಸ್ತಿಲ ಮೇಲೆ ಒಂದು ಮಡಿ ಸೀರೆ. ಲಕ್ಷ್ಮಿಗೆ ಕಾಲು ತಾಗಬಾರದು ಅಂತ ಹಾಸಿಕೊಂಡು ದಾಟೋಕೆ ಹೋಗಿದ್ಳು ಪುಣ್ಯಾತ್ಗಿತ್ತಿ.

ಮಾರನೇ ದಿನ ನಾಕು ಜನ ಅವಳನ್ನ ಹೊತ್ತು ಹೊಸ್ತಿಲು ದಾಟಿಸಿದ್ರು. ಮಣ್ಣು ಮಾಡಿ ಬಂದವನೇ ಸಿದ್ದಾಚಾರಿ ಗರಗಸ ಹಿಡಿದ. ಊರ ಗೌಡ ಓಡಿ ಬಂದ.

"ಲೋ, ಲಕ್ಷ್ಮಿ ಹೋಗ್ತಾಳೆ ಕಣೋ!"

"ಹೋಗೋಳು ನೆನ್ನೇನೇ ಹೋದ್ಳು ಗೌಡ್ರೇ."

ನೆಲದ ಮಟ್ಟಕ್ಕೆ ಕೊಯ್ದ. ಕೊಯ್ದ ತುಂಡನ್ನೇ ಅಂಗಳಕ್ಕೆ ಇಳಿಜಾರಾಗಿ ಇಟ್ಟ. ಒಳಗಿದ್ದ ಗಾಲಿ ಮಣೆಯನ್ನ ಮೆಲ್ಲಗೆ ತಳ್ಳಿದ. ಎಲ್ಲೂ ತಡೆಯಲಿಲ್ಲ. ಉರುಳಿಕೊಂಡು ಹೋಗಿ ಬಿಸಿಲಲ್ಲಿ ನಿಂತಿತು, ಬರೀ ಮಣೆ. ಅದರ ಪಕ್ಕ ಕೂತು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಥೆ ಹೊಸ್ತಿಲಾಚೆ ಹೋಯ್ತು, ನಾವು ಈಚೆ ಉಳಿದ್ವಿ. ಕಥೆ ನಂದು, ಹೊಸ್ತಿಲು ನಿಮ್ದು. ಮನೆಗೆ ಹೋಗಿ ನೋಡ್ಕೊಳ್ಳಿ.